ಸೆಲೂನಿನಲ್ಲಿ ಚೇರ್ ಬಾಡಿಗೆಗೆ ಹಿಡಿಯುವುದು ಹೇಗೆ? ಕೊಡಗಿನವರು ಮಳೆಗಾಲದ ಲೆಕ್ಕ ಮೊದಲು ಹಾಕಿ

ಕೆಲಸ ಕಲಿತಾಗಿದೆ, ಕೈ ಕೂತಿದೆ. ಸ್ವಂತ ಅಂಗಡಿ ಹಾಕುವಷ್ಟು ದುಡ್ಡಿಲ್ಲ. ಬೇರೆಯವರ ಸೆಲೂನಿನಲ್ಲಿ ಒಂದು ಚೇರ್ ಬಾಡಿಗೆಗೆ ಹಿಡಿಯಬಹುದಾ? ಎಷ್ಟು ಕೊಡಬೇಕು? ಲೈಸೆನ್ಸ್ ಯಾರ ಹೆಸರಲ್ಲಿ ಇರಬೇಕು? ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಿದೆ. ಕಟಿಂಗ್ ಶಾಪಿನ ಹುಡುಗರೂ ಕೇಳುತ್ತಾರೆ, ಪಾರ್ಲರ್ ಕೆಲಸ ಕಲಿತ ಹೆಣ್ಣುಮಕ್ಕಳೂ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಬರೆದಿದ್ದೇನೆ.

ಚೇರ್ ಬಾಡಿಗೆ ಎಂದರೆ ಏನು ಅನ್ನುವುದು ಮೊದಲು ಸ್ಪಷ್ಟವಾಗಲಿ. ಅಂಗಡಿ ಒಬ್ಬರದು. ಅದರೊಳಗೆ ಒಂದು ಚೇರ್, ಎದುರಿನ ಕನ್ನಡಿ, ಸಾಮಾನು ಇಡಲು ಒಂದಿಷ್ಟು ಜಾಗ ನಿಮ್ಮ ವಶಕ್ಕೆ ಬರುತ್ತದೆ. ಕತ್ತರಿ, ಟ್ರಿಮ್ಮರ್, ಬಣ್ಣ, ಕ್ರೀಮು ನಿಮ್ಮದು. ಗಿರಾಕಿ ನಿಮ್ಮವರು, ರೇಟು ನೀವು ಇಟ್ಟದ್ದು, ದುಡ್ಡು ನಿಮ್ಮ ಕೈಗೆ. ಮಾಲೀಕರಿಗೆ ಬಾಡಿಗೆ ಕೊಟ್ಟರೆ ಮುಗಿಯಿತು.

ಇನ್ನೊಂದು ಪರ್ಸೆಂಟೇಜ್ ಲೆಕ್ಕ. ನಿಗದಿ ಬಾಡಿಗೆ ಇರುವುದಿಲ್ಲ, ದುಡಿದದ್ದರಲ್ಲಿ ಪಾಲು. ಅರ್ಧ ಅರ್ಧ ಇರಬಹುದು, ನಿಮಗೆ 60 ಮಾಲೀಕರಿಗೆ 40 ಇರಬಹುದು. ಮೂರನೆಯದು ಸಂಬಳದ ಕೆಲಸ.

ಇಲ್ಲೇ ಮೊದಲ ಎಚ್ಚರಿಕೆ. ಎಷ್ಟು ಹೊತ್ತಿಗೆ ಬರಬೇಕು, ಯಾರಿಗೆ ಕಟಿಂಗ್ ಮಾಡಬೇಕು, ಎಷ್ಟು ತಗೋಬೇಕು ಎಂದು ಮಾಲೀಕರೇ ಹೇಳುತ್ತಾರೆ, ದುಡ್ಡೂ ಅವರ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ, ಅದರ ಮೇಲೆ ನಿಮ್ಮಿಂದ ಬಾಡಿಗೆಯನ್ನೂ ಕೇಳುತ್ತಾರೆ ಅಂದರೆ ಒಪ್ಪಬೇಡಿ. ಅದು ಚೇರ್ ಬಾಡಿಗೆ ಅಲ್ಲ, ಸಂಬಳ ಕೊಡದೆ ಕೆಲಸ ಮಾಡಿಸಿಕೊಳ್ಳುವ ದಾರಿ. ಅಲ್ಲಿ ಸಂಬಳವನ್ನೇ ಕೇಳಿ.

1. ಮೊದಲು ಲೆಕ್ಕ, ಅದೂ ಜುಲೈ ತಿಂಗಳದ್ದು

ಚೇರ್ ನೋಡಲು ಹೋಗುವ ಮೊದಲೇ ಒಂದು ಪುಸ್ತಕ ಪೆನ್ನು ಹಿಡಿದು ಕೂರಿ. ಹೆಚ್ಚಿನವರು ಏಪ್ರಿಲ್, ಮೇ ತಿಂಗಳ ಗಿರಾಕಿ ನೋಡಿ ಬಾಡಿಗೆಗೆ ಹೂಂ ಅನ್ನುತ್ತಾರೆ. ಆಗ ಮದುವೆ ಸೀಸನ್, ಶಾಲೆಗಳಿಗೆ ರಜೆ, ಪ್ರವಾಸಿಗರು ಬೇರೆ. ಆಮೇಲೆ ಜೂನ್ ಬರುತ್ತದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಕೊಡವರ ಕಕ್ಕಡ ತಿಂಗಳು. ಶುಭಕಾರ್ಯಗಳಿಲ್ಲ, ಬಿಡದೆ ಮಳೆ, ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೋ ಹೇಳಲಾಗದು. ಬಾಡಿಗೆ ಮಾತ್ರ ತಿಂಗಳ ಮೊದಲ ವಾರಕ್ಕೆ ಸರಿಯಾಗಿ ಕೊಡಬೇಕು.

ಒಂದು ಉದಾಹರಣೆ ನೋಡೋಣ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮ ಊರಿನ ರೇಟು ಹಾಕಿಕೊಳ್ಳಿ. ಚೇರ್ ಬಾಡಿಗೆ 8,000 ರೂಪಾಯಿ, ಕರೆಂಟು ನೀರಿಗೆ 1,000, ಸಾಮಾನಿಗೆ 3,000, ಬಸ್ಸು ಮತ್ತು ಚಿಲ್ಲರೆ ಖರ್ಚಿಗೆ 2,000, ರಿಪೇರಿಗೆಂದು ಎತ್ತಿಡುವುದು 1,000. ಒಟ್ಟು 15,000. ತಿಂಗಳಿಗೆ 25 ದಿನ ಕೆಲಸ ಅಂದರೆ ದಿನಕ್ಕೆ 600 ರೂಪಾಯಿ ಬರೀ ಖರ್ಚಿಗೇ ಹೋಯಿತು. ಒಬ್ಬರಿಂದ ಸರಾಸರಿ 150 ಬಂದರೆ ದಿನದ ಮೊದಲ ನಾಲ್ಕು ಗಿರಾಕಿಗಳ ದುಡ್ಡು ನಿಮ್ಮದಲ್ಲ. ಮನೆಗೆ 18,000 ಬೇಕು ಅಂದರೆ ದಿನಕ್ಕೆ ಒಂಬತ್ತು ಗಿರಾಕಿ ಆಗಲೇಬೇಕು.

ಈಗ ಇದನ್ನೇ ಜುಲೈಗೆ ಹಾಕಿ. ಮಳೆ, ರಜೆ, ಕರೆಂಟು ಎಲ್ಲ ಕಳೆದು 20 ದಿನ ಕೆಲಸ, ದಿನಕ್ಕೆ ಆರು ಜನ. ಬಂದದ್ದು 18,000. ಸಾಮಾನಿನ ಖರ್ಚು ಅರ್ಧಕ್ಕೆ ಇಳಿದರೂ ಒಟ್ಟು ಖರ್ಚು 13,500. ಕೈಗೆ ಉಳಿಯುವುದು 4,500. ಅದೇ ಅಂಗಡಿಯಲ್ಲಿ ನಿಮಗೆ 60 ಪಾಲಿನ ಲೆಕ್ಕ ಇದ್ದು, ಕರೆಂಟು ಮಾಲೀಕರದೇ ಆಗಿದ್ದರೆ 6,300 ಉಳಿಯುತ್ತಿತ್ತು. ಹಾಗಂತ ಪರ್ಸೆಂಟೇಜೇ ಒಳ್ಳೆಯದು ಅಂದುಕೊಳ್ಳಬೇಡಿ. ಮೇ ತಿಂಗಳಲ್ಲಿ ದಿನಕ್ಕೆ 14 ಜನರಂತೆ 25 ದಿನ ಮಾಡಿದರೆ 52,500 ಬರುತ್ತದೆ. ಸಾಮಾನಿಗೆ 4,500 ಹೋದರೂ ನಿಗದಿ ಬಾಡಿಗೆಯಲ್ಲಿ 36,000 ಉಳಿಯುತ್ತದೆ, ಪರ್ಸೆಂಟೇಜಿನಲ್ಲಿ 24,000 ಮಾತ್ರ.

ಯಾವುದು ಲಾಭ ಎಂದು ತಿಳಿಯಲು ಸುಲಭದ ಲೆಕ್ಕ ಇದೆ. ಬಾಡಿಗೆ ಮತ್ತು ಕರೆಂಟು ಸೇರಿ 9,000. ಮಾಲೀಕರ ಪಾಲು ನೂರಕ್ಕೆ 40. ಎಷ್ಟು ದುಡಿದರೆ ಅದರ 40 ಪಾಲು 9,000 ಆಗುತ್ತದೆ? 22,500. ತಿಂಗಳಿಗೆ ಅದಕ್ಕಿಂತ ಜಾಸ್ತಿ ದುಡಿಯುವ ನಂಬಿಕೆ ಇದ್ದರೆ ನಿಗದಿ ಬಾಡಿಗೆ ಒಳ್ಳೆಯದು. ಕಡಿಮೆ ಅನ್ನಿಸಿದರೆ ಪರ್ಸೆಂಟೇಜ್. ನಿಮ್ಮದೇ ಗಿರಾಕಿಗಳು ಇನ್ನೂ ಆಗದ ಮೊದಲ ಕೆಲವು ತಿಂಗಳು ಪರ್ಸೆಂಟೇಜಿನಲ್ಲಿದ್ದು, ಆಮೇಲೆ ಬಾಡಿಗೆಗೆ ಬದಲಾಯಿಸುವುದು ಒಳ್ಳೆಯ ದಾರಿ. ಆದರೆ ಹಾಗೆ ಬದಲಾಯಿಸಬಹುದು ಎಂಬ ಮಾತು ಮೊದಲ ದಿನವೇ ಆಗಿರಲಿ.

ಎಲ್ಲಕ್ಕಿಂತ ಒಳ್ಳೆಯದು ಎರಡು ರೇಟಿನ ಬಾಡಿಗೆ. ಕೊಡಗಿನಲ್ಲಿ ಚೇರ್ ಹಿಡಿಯುವ ಪ್ರತಿಯೊಬ್ಬರೂ ಇದನ್ನು ಕೇಳಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಿಂಗಳಿಗೆ 8,000 ಅಂದರೆ ವರ್ಷಕ್ಕೆ 96,000. ಅದನ್ನೇ ಅಕ್ಟೋಬರಿನಿಂದ ಮೇವರೆಗಿನ ಎಂಟು ತಿಂಗಳಿಗೆ 9,000, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ 6,000 ಎಂದು ಮಾಡಿ. ಆಗಲೂ ವರ್ಷಕ್ಕೆ 96,000. ಮಾಲೀಕರಿಗೆ ಒಂದು ರೂಪಾಯಿ ನಷ್ಟವಿಲ್ಲ, ನಿಮಗೆ ಮಳೆಗಾಲದಲ್ಲಿ ಉಸಿರಾಡಲು ಜಾಗ ಸಿಗುತ್ತದೆ. ಈ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಿ. ಬಾಯಲ್ಲಿ ಹೇಳಿದರೆ ರಿಯಾಯಿತಿ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಕೆಲಸ ಶುರು ಮಾಡುವ ತಿಂಗಳೂ ಮುಖ್ಯ. ಮೇ ಕೊನೆಗೆ ಶುರು ಮಾಡಿದರೆ ನೇರ ಮಳೆಗೆ ಬೀಳುತ್ತೀರಿ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಶುರು ಮಾಡಿದರೆ ಮುಂದೆ ದಸರಾ, ಕಾವೇರಿ ಸಂಕ್ರಮಣ, ಪುತ್ತರಿ, ಮದುವೆಗಳು, ಕಾಫಿ ಕೊಯ್ಲು ಸಾಲಾಗಿ ಬರುತ್ತವೆ. ಮುಂದಿನ ಮಳೆಗಾಲದ ಹೊತ್ತಿಗೆ ನಿಮ್ಮ ಹೆಸರು ಹೇಳಿಕೊಂಡು ಬರುವ ಗಿರಾಕಿಗಳು ಇರುತ್ತಾರೆ. ಏನೇ ಆದರೂ ಮೂರು ತಿಂಗಳ ಬಾಡಿಗೆಯಷ್ಟು ದುಡ್ಡು ಕೈಯಲ್ಲಿ ಇಲ್ಲದೆ ನಿಗದಿ ಬಾಡಿಗೆಗೆ ಒಪ್ಪಬೇಡಿ.

2. ಊರು ಮತ್ತು ಅಂಗಡಿ

ಒಂದೇ ಜಿಲ್ಲೆ ಆದರೂ ಗಿರಾಕಿ ಬೇರೆ ಬೇರೆ. ಮಡಿಕೇರಿಯಲ್ಲಿ ಕಚೇರಿಯವರು, ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು, ಪ್ರವಾಸಿಗರು ಇದ್ದಾರೆ. ಬಾಡಿಗೆಯೂ ಹಾಗೇ ಇದೆ, ಮಳೆಯೂ ಜೋರು. ಕುಶಾಲನಗರದಲ್ಲಿ ಮಳೆ ಕಡಿಮೆ. ಊರು ಬೆಳೆಯುತ್ತಿದೆ, ಎಂಜಿನಿಯರಿಂಗ್ ಕಾಲೇಜು ಇದೆ, ಹೊಳೆ ದಾಟಿದರೆ ಬೈಲಕುಪ್ಪೆ. ವರ್ಷವಿಡೀ ಒಂದೇ ಸಮ ಕೆಲಸ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಕುಶಾಲನಗರವನ್ನೇ. ಸಿದ್ದಾಪುರ, ಸುಂಟಿಕೊಪ್ಪದಂಥ ಕಡೆ ತೋಟದ ಕೆಲಸಗಾರರು ಜಾಸ್ತಿ. ಅವರು ಬರುವುದು ರಜೆ ಸಿಗುವ ಭಾನುವಾರ. ಅಲ್ಲಿ ಒಂದೇ ದಿನ ವಾರದ ಅರ್ಧ ದುಡಿಮೆ ಆಗುತ್ತದೆ, ಹಾಗಾಗಿ ಭಾನುವಾರ ನಿಮ್ಮ ಚೇರ್ ನಿಮಗೇ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ವಿರಾಜಪೇಟೆ, ನಾಪೋಕ್ಲು ಕಡೆ ರಂಜಾನ್ ಹಬ್ಬದ ಹಿಂದಿನ ಒಂದೆರಡು ದಿನ ರಾತ್ರಿಯವರೆಗೂ ಜನ ಇರುತ್ತಾರೆ. ಆ ಹೊತ್ತಿಗೆ ಅಂಗಡಿ ತೆರೆದಿಡಲು ಮಾಲೀಕರು ಒಪ್ಪುತ್ತಾರೆಯೇ?

ಅಂಗಡಿ ನೋಡಲು ಎರಡು ಸಲ ಹೋಗಿ. ಒಮ್ಮೆ ಊರಿನ ಸಂತೆ ದಿನ, ಇನ್ನೊಮ್ಮೆ ವಾರದ ನಡುವಿನ ಮಧ್ಯಾಹ್ನ. ಸುಮ್ನೆ ಕೂತು ಎಷ್ಟು ಜನ ಬಂದರು, ಎಷ್ಟು ಜನ ಕಾಯಲಾರದೆ ಹೋದರು ಎಂದು ನೋಡಿ. ಕಾಯಲಾರದೆ ಹೋಗುವವರು ಇದ್ದರೆ ಆ ಅಂಗಡಿಗೆ ಇನ್ನೊಂದು ಚೇರ್ ಬೇಕು ಅಂತ ಅರ್ಥ. ಎಲ್ಲ ಚೇರ್ ಖಾಲಿ ಇದ್ದು, ಮಾಲೀಕರು ಬಾಡಿಗೆ ಹೊರೆ ಇಳಿಸಿಕೊಳ್ಳಲು ನಿಮ್ಮನ್ನು ಕರೆಯುತ್ತಿದ್ದರೆ ಅಲ್ಲಿ ನಿಮಗೂ ಗಿರಾಕಿ ಸಿಗುವುದು ಕಷ್ಟ.

ಗೋಡೆ ಮೇಲೆ ಬೂಷ್ಟು, ಕನ್ನಡಿ ಹಿಂದೆ ತೇವ, ಸ್ವಿಚ್ ಬೋರ್ಡಿನ ಸುತ್ತ ನೀರಿನ ಕಲೆ ಇದೆಯೇ ನೋಡಿ. ಬೇಸಿಗೆಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಹುಡುಕಿ ನೋಡಬೇಕು. ಸ್ವಿಚ್ ಬೋರ್ಡಿಗೆ ನೀರು ಇಳಿಯುವ ಅಂಗಡಿ ಎಷ್ಟೇ ಅಗ್ಗವಾದರೂ ಬೇಡ.

ಹೆಣ್ಣುಮಕ್ಕಳಿಗೆ ಒಂದು ಮಾತು. ಸಂಜೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಅನ್ನುವುದನ್ನು ಮೊದಲೇ ವಿಚಾರಿಸಿ, ಅದಕ್ಕೆ ತಕ್ಕಂತೆ ಕೆಲಸದ ಹೊತ್ತು ಇಟ್ಟುಕೊಳ್ಳಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ನಮ್ಮ ಕಡೆ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಹಾಗಾಗಿ ಬಸ್ಸಿನ ಖರ್ಚನ್ನು ಲೆಕ್ಕದಿಂದ ಬಿಡಬೇಡಿ. ಬಟ್ಟೆ ಬದಲಿಸಲು ಬಾಗಿಲು ಹಾಕುವ ಜಾಗ, ಶೌಚಾಲಯ ಇಲ್ಲದ ಕಡೆ ದಿನಕ್ಕೆ ಹತ್ತು ಗಂಟೆ ನಿಲ್ಲಲು ಆಗುವುದಿಲ್ಲ. ಕೇಳಲು ಸಂಕೋಚ ಬೇಡ.

3. ಅಂಗಡಿಯ ಕಾಗದ ನೋಡಿ

ಇದಕ್ಕೆ ಹೆಚ್ಚು ಹೊತ್ತು ಬೇಡ, ಆದರೆ ಬಿಡಬೇಡಿ. ಎರಡು ವಿಷಯ ಮುಖ್ಯ.

ಒಂದು, ಅಂಗಡಿಗೆ ವ್ಯಾಪಾರ ಪರವಾನಗಿ ಇದೆಯೇ? ಟ್ರೇಡ್ ಲೈಸೆನ್ಸ್ ಅನ್ನುತ್ತೇವಲ್ಲ, ಅದೇ. ಪಟ್ಟಣವಾದರೆ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿ, ಹಳ್ಳಿಯಾದರೆ ಗ್ರಾಮ ಪಂಚಾಯಿತಿ ಕೊಡುತ್ತದೆ. ಅದು ಅಂಗಡಿ ಮಾಲೀಕರ ಹೆಸರಲ್ಲಿ ಇರುತ್ತದೆ, ಅವಧಿ ಮುಗಿದಿರಬಾರದು. ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿಯನ್ನೂ ಕೇಳಿ ನೋಡಿ.

ಎರಡು, ಕಟ್ಟಡ ಯಾರದ್ದು? ಸೆಲೂನ್ ಮಾಲೀಕರೇ ಅಲ್ಲಿ ಬಾಡಿಗೆದಾರರಾಗಿದ್ದರೆ ನಿಮಗೆ ಕೊಡುವುದು ಒಳಬಾಡಿಗೆ. ಬಾಡಿಗೆಗೆ ಪಡೆದದ್ದನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡುವುದಕ್ಕೆ ಹೀಗೆನ್ನುತ್ತಾರೆ. ಕಟ್ಟಡದ ಮಾಲೀಕರ ಒಪ್ಪಿಗೆ ಇಲ್ಲದಿದ್ದರೆ ನಾಳೆ ಇಬ್ಬರನ್ನೂ ಹೊರಗೆ ಹಾಕಬಹುದು, ಆಗ ನೀವು ಕೊಟ್ಟ ಮುಂಗಡ ವಾಪಸ್ ಬರುವುದು ಕಷ್ಟ. ‘ಒಪ್ಪಿಗೆ ಇದೆ’ ಎಂದು ಕಟ್ಟಡದ ಮಾಲೀಕರು ಎರಡು ಸಾಲು ಬರೆದು ಸಹಿ ಹಾಕಿದರೆ ಸಾಕು.

4. ಕರಾರು ಪತ್ರ

‘ನಮ್ಮವರೇ ಅಲ್ವಾ, ಕಾಗದ ಯಾಕೆ?’ ಅನ್ನುವ ಮಾತು ಬಂದೇ ಬರುತ್ತದೆ. ನಮ್ಮವರು ಅನ್ನುವ ಕಾರಣಕ್ಕೇ ಕಾಗದ ಬೇಕು. ಗುರುತು ಪರಿಚಯದವರ ನಡುವೆ ದುಡ್ಡಿನ ಜಗಳ ಬಂದರೆ ಕೆಲಸವೂ ಹೋಗುತ್ತದೆ, ಸಂಬಂಧವೂ ಹೋಗುತ್ತದೆ.

ಚೇರ್‌ಗೆ ಸರಿಹೊಂದುವುದು ಲೀವ್ ಅಂಡ್ ಲೈಸೆನ್ಸ್ ಕರಾರು. ಅಂದರೆ ಜಾಗದ ಮೇಲೆ ನಿಮಗೆ ಹಕ್ಕು ಬರುವುದಿಲ್ಲ, ಇಷ್ಟು ಕಾಲ ಅಲ್ಲಿ ಕೆಲಸ ಮಾಡಲು ಅನುಮತಿ ಸಿಗುತ್ತದೆ. ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕಾಗುತ್ತದೆ, ಅದಕ್ಕೇ ಈ 11ರ ರೂಢಿ. ಇ-ಸ್ಟಾಂಪ್ ಕಾಗದದಲ್ಲಿ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ನೋಟರಿ ಮಾಡಿಸಿ. ಬರೆಯುವವರ ಬಳಿ ಮನೆ ಬಾಡಿಗೆಯ ರೆಡಿ ನಮೂನೆ ಇರುತ್ತದೆ, ಅದನ್ನೇ ಕೊಟ್ಟುಬಿಡುತ್ತಾರೆ. ಅದರಲ್ಲಿ ನಿಮಗೆ ಬೇಕಾದದ್ದು ಅರ್ಧವೂ ಇರುವುದಿಲ್ಲ. ಕೆಳಗಿನವು ಬರಲೇಬೇಕು:

ಬಾಡಿಗೆ ಮತ್ತು ಮಳೆಗಾಲದ ಬಾಡಿಗೆ, ಎರಡೂ ಅಂಕಿಯಲ್ಲೂ ಅಕ್ಷರದಲ್ಲೂ. ಯಾವ ತಿಂಗಳಿಂದ ಯಾವ ತಿಂಗಳಿಗೆ ಅನ್ನುವುದು ಸೇರಿ.

ಮುಂಗಡ ಎಷ್ಟು, ಬಿಡುವಾಗ ಎಷ್ಟು ದಿನದೊಳಗೆ ವಾಪಸ್. ಮುಂಗಡವನ್ನು ಬ್ಯಾಂಕ್ ಮೂಲಕವೇ ಕೊಡಿ.

ಯಾವ ಚೇರ್, ಯಾವ ದಿನ, ಎಷ್ಟು ಹೊತ್ತು. ತಲೆ ತೊಳೆಯುವ ಬೇಸಿನ್, ಗೀಸರ್, ಇನ್ವರ್ಟರ್, ಕಾಯುವವರ ಬೆಂಚು ಬಳಸಲು ಅನುಮತಿ. ಬೀಗದ ಕೈ ನಿಮಗೂ ಒಂದು ಸಿಗುತ್ತದೆಯೇ ಅನ್ನುವುದು. ವಾರದ ರಜೆ ಯಾವತ್ತು ಅನ್ನುವುದೂ ಇರಲಿ. ಎಷ್ಟೋ ಕಟಿಂಗ್ ಶಾಪುಗಳು ಮಂಗಳವಾರ ಬಾಗಿಲು ಹಾಕುತ್ತವೆ, ಆ ದಿನ ನೀವು ತೆರೆಯಬಹುದಾ ಇಲ್ಲವಾ ಎಂದು ಮೊದಲೇ ತಿಳಿದಿರಬೇಕು.

ಕರೆಂಟಿನ ಲೆಕ್ಕ. ಸಾಧ್ಯವಾದರೆ ಸಬ್ ಮೀಟರ್ ಹಾಕಿಸಿ. ಆಗದಿದ್ದರೆ ತಿಂಗಳಿಗೆ ಇಷ್ಟು ಎಂದು ನಿಗದಿ ಮಾಡಿ. ಬಿಲ್ ನೋಡಿ ಹಂಚಿಕೊಳ್ಳೋಣ ಅನ್ನುವುದು ಮೂರನೇ ತಿಂಗಳಿಗೆ ಜಗಳ ತರುತ್ತದೆ.

ಹೊರಗಿನ ಕೆಲಸ. ಮದುವೆ ಮನೆಗೆ, ಹೋಂಸ್ಟೇಗೆ ಹೋಗಿ ಮಾಡುವ ಮೇಕಪ್, ಹೇರ್ ಸ್ಟೈಲ್ ದುಡ್ಡಿನಲ್ಲಿ ಅಂಗಡಿಗೆ ಪಾಲು ಇದೆಯೇ? ಅಂಗಡಿಯ ಹೆಸರಿನಿಂದ ಬಂದ ಗಿರಾಕಿಗೆ ಪಾಲು, ನಿಮ್ಮ ಫೋನಿಗೆ ಬಂದವರಿಗೆ ಇಲ್ಲ ಎಂದು ಬರೆದರೆ ಇಬ್ಬರಿಗೂ ನ್ಯಾಯ. ಕೊಡಗಿನಲ್ಲಿ ಒಂದು ಒಳ್ಳೆಯ ಮದುವೆ ಬುಕಿಂಗ್ ವಾರದ ದುಡಿಮೆಗೆ ಸಮ, ಹಾಗಾಗಿ ಈ ಸಾಲನ್ನು ಹಗುರವಾಗಿ ನೋಡಬೇಡಿ.

ಬಾಗಿಲು ಹಾಕಬೇಕಾದ ದಿನಗಳು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿಯ ಸುತ್ತ ರಸ್ತೆಗಳೇ ಇಲ್ಲವಾದವು. 2020ರಲ್ಲಿ ಲಾಕ್‌ಡೌನ್ ಬಂದು ಸೆಲೂನುಗಳು ವಾರಗಟ್ಟಲೆ ಮುಚ್ಚಿದ್ದವು. ನಿಮ್ಮದಲ್ಲದ ಕಾರಣಕ್ಕೆ ಅಂಗಡಿ ಮುಚ್ಚಿದರೆ ಅಷ್ಟು ದಿನದ ಬಾಡಿಗೆ ಕಳೆಯಬೇಕು ಎಂದು ಒಂದು ಸಾಲು ಇರಲಿ.

ಬಿಡಲು ನೋಟಿಸ್. ಎರಡೂ ಕಡೆಗೆ ಒಂದೇ ಅವಧಿ, ಒಂದು ತಿಂಗಳು ಸಾಕು.

ಕೆಲವು ಕರಾರಿನಲ್ಲಿ ‘ಬಿಟ್ಟ ಮೇಲೆ ಎರಡು ವರ್ಷ ಈ ಊರಲ್ಲಿ ಕೆಲಸ ಮಾಡಬಾರದು’ ಎಂದು ಸೇರಿಸುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರ ಕಸುಬನ್ನು ಹೀಗೆ ತಡೆಯುವ ಕರಾರು ನಿಲ್ಲುವುದಿಲ್ಲ. ಆದರೂ ಆ ಸಾಲನ್ನು ಹೊಡೆದು ಹಾಕಿಸಿಯೇ ಸಹಿ ಮಾಡಿ. ನಾಳೆ ಅದನ್ನು ತೋರಿಸಿ ಹೆದರಿಸುವುದು ಬೇಡ.

5. ನಿಮ್ಮ ಹೆಸರಿನ ನೋಂದಣಿ ಮತ್ತು ತೆರಿಗೆ

ಅಂಗಡಿ ನಿಮ್ಮದಲ್ಲ, ಆದರೆ ಕಸುಬು ನಿಮ್ಮದು. ಅದಕ್ಕೊಂದು ಗುರುತು ಬೇಕು. ಉದ್ಯಮ್ ನೋಂದಣಿ ಮಾಡಿಸಿ. ಸಣ್ಣ ಉದ್ಯಮಗಳಿಗಾಗಿ ಇರುವ ಕೇಂದ್ರ ಸರ್ಕಾರದ ಈ ನೋಂದಣಿ 2020ರ ಜುಲೈ 1ರಿಂದ ಇದೆ, ಆಧಾರ್ ಮತ್ತು ಪ್ಯಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ, ಪೂರ್ತಿ ಉಚಿತ. ದುಡ್ಡು ಕೇಳುವ ನಕಲಿ ಜಾಲತಾಣಗಳು ಬಹಳ ಇವೆ, ಎಚ್ಚರ. ಬ್ಯಾಂಕಿಗೆ ಸಾಲ ಕೇಳಲು ಹೋದಾಗ ಮೊದಲು ಕೇಳುವುದು ಇದನ್ನೇ. ಜೊತೆಗೆ ಅಸಂಘಟಿತ ಕಾರ್ಮಿಕರಿಗೆ ಕೊಡುವ ಇ-ಶ್ರಮ್ ಕಾರ್ಡ್ ಮಾಡಿಸಿ. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕ್ಷೌರಿಕರಿಗೆ 5,000 ರೂಪಾಯಿ ನೆರವು ಘೋಷಿಸಿದಾಗ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಹಾಕಿ, ಇದೇ ನನ್ನ ಕಸುಬು ಎಂಬುದಕ್ಕೆ ಪುರಾವೆ ಕೊಡಬೇಕಿತ್ತು. ಇನ್ನೊಬ್ಬರ ಅಂಗಡಿಯಲ್ಲಿ ಚೇರ್ ಹಿಡಿದವರಿಗೆ ಇಂಥ ಪುರಾವೆ ತಾನಾಗಿ ಸಿಗುವುದಿಲ್ಲ, ನೀವೇ ಮಾಡಿಟ್ಟುಕೊಳ್ಳಬೇಕು.

ಜಿಎಸ್‌ಟಿ ಬಗ್ಗೆ ಭಯ ಜಾಸ್ತಿ ಇದೆ. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ವಹಿವಾಟು ಎಂದರೆ ಲಾಭ ಅಲ್ಲ, ಕೈಗೆ ಬಂದ ಒಟ್ಟು ದುಡ್ಡು. ಒಂದು ಚೇರ್‌ನಲ್ಲಿ ಅಷ್ಟು ಆಗುವುದು ಕಷ್ಟ. ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ಎಂದು ಒಂದು ರೂಪಾಯಿಯೂ ತಗೋಬಾರದು. ನೋಂದಣಿ ಇರುವ ಸೆಲೂನುಗಳಿಗೆ 2025ರ ಸೆಪ್ಟೆಂಬರ್ 22ರಿಂದ ದರ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಆದರೆ ಅದು ಕಟಿಂಗ್, ಫೇಶಿಯಲ್‌ನಂಥ ಸೇವೆಗೆ. ಮಾಲೀಕರು ನೋಂದಾಯಿತರಾಗಿದ್ದರೆ ಚೇರ್ ಬಾಡಿಗೆಯ ಮೇಲೆ ಶೇ 18 ಸೇರಿಸಬಹುದು. ‘ಹೇಳಿದ ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯಾ?’ ಎಂದು ಕೇಳಿಯೇ ಒಪ್ಪಿ.

ಆದಾಯ ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ರಿಟರ್ನ್ ಹಾಕಿ. ಸಣ್ಣ ವ್ಯಾಪಾರಕ್ಕೆ ಅಂದಾಜು ಲಾಭದ ವಿಧಾನ ಇದೆ. ಬಿಲ್ಲುಗಳ ಕಟ್ಟು ಇಟ್ಟುಕೊಳ್ಳದೆ, ನಗದಾಗಿ ಬಂದದ್ದರಲ್ಲಿ ಕನಿಷ್ಠ ಶೇ 8, ಯುಪಿಐ ಅಥವಾ ಬ್ಯಾಂಕ್ ಮೂಲಕ ಬಂದದ್ದರಲ್ಲಿ ಕನಿಷ್ಠ ಶೇ 6 ಲಾಭ ಎಂದು ತೋರಿಸಬಹುದು. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯನ್ನೇ ತೋರಿಸಿ. ಮುಂದೆ ಸ್ವಂತ ಅಂಗಡಿಗೆ ಸಾಲ ಕೇಳುವಾಗ ಹಿಂದಿನ ವರ್ಷಗಳ ರಿಟರ್ನ್ ಕೆಲಸಕ್ಕೆ ಬರುತ್ತದೆ.

6. ಕ್ಯೂಆರ್ ಕೋಡ್ ನಿಮ್ಮದೇ ಇರಲಿ

ಇದು ಚಿಕ್ಕ ವಿಷಯ ಅನ್ನಿಸುತ್ತದೆ, ಅಲ್ಲ. ಅಂಗಡಿಯ ಒಂದೇ ಕ್ಯೂಆರ್‌ಗೆ ಎಲ್ಲ ಚೇರ್‌ನ ದುಡ್ಡು ಹೋಗಿ, ರಾತ್ರಿ ಹಂಚಿಕೊಳ್ಳುವುದು ಎಷ್ಟೋ ಕಡೆ ಇದೆ. ಇದರಿಂದ ನಿಮ್ಮ ದುಡಿಮೆಗೆ ಬ್ಯಾಂಕಿನಲ್ಲಿ ದಾಖಲೆಯೇ ಉಳಿಯುವುದಿಲ್ಲ. ಮಾಲೀಕರಿಗೂ ತೊಂದರೆ. ನಾಲ್ಕು ಚೇರ್‌ನ ದುಡ್ಡು ಒಬ್ಬರ ಖಾತೆಗೆ ಹೋದರೆ ಅವರ ವಹಿವಾಟು 20 ಲಕ್ಷ ದಾಟಿದಂತೆ ಕಾಣಬಹುದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದದ್ದು ನೆನಪಿರಬಹುದು. ಈ ಮಾತು ಹೇಳಿದರೆ ನಿಮ್ಮ ಚೇರ್ ಎದುರು ನಿಮ್ಮದೇ ಕ್ಯೂಆರ್ ಅಂಟಿಸಲು ಯಾವ ಮಾಲೀಕರೂ ಬೇಡ ಅನ್ನುವುದಿಲ್ಲ.

ಬಾಡಿಗೆಯನ್ನೂ ಬ್ಯಾಂಕ್ ಮೂಲಕವೇ ಕೊಡಿ. ದಿನದ ಕೊನೆಗೆ ಎಷ್ಟು ಜನ, ಎಷ್ಟು ದುಡ್ಡು ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಮುಂದಿನ ವರ್ಷ ಬಾಡಿಗೆ ಮಾತಾಡುವಾಗ ನಿಮ್ಮ ಜುಲೈ ಹೇಗಿತ್ತು ಎಂದು ತೋರಿಸಲು ಅದೇ ಸಾಕ್ಷಿ.

7. ಸಾಮಾನು ಮತ್ತು ಸಾಲ

ಶುರುವಿನಲ್ಲಿ ಎಲ್ಲವನ್ನೂ ಕೊಳ್ಳಬೇಡಿ. ಒಳ್ಳೆಯ ಕತ್ತರಿ ಎರಡು, ಬ್ಯಾಟರಿಯಲ್ಲಿ ಓಡುವ ಟ್ರಿಮ್ಮರ್ ಎರಡು, ಬಾಚಣಿಗೆ, ಹೊದಿಸುವ ಬಟ್ಟೆ, ಟವೆಲ್, ಸ್ಪ್ರೇ ಬಾಟಲಿ, ಡ್ರೈಯರ್. ಟ್ರಿಮ್ಮರ್ ಎರಡು ಬೇಕು ಅಂದದ್ದಕ್ಕೆ ಕಾರಣ ಕರೆಂಟು. ಲೈನ್ ಮೇಲೆ ಮರ ಬಿದ್ದರೆ ಒಮ್ಮೊಮ್ಮೆ ದಿನವಿಡೀ ಕರೆಂಟಿಲ್ಲ. ಒಂದು ಓಡುವಾಗ ಇನ್ನೊಂದು ಚಾರ್ಜ್ ಆಗಿ ಸಿದ್ಧ ಇರಬೇಕು. ಡ್ರೈಯರ್, ಗೀಸರ್ ಸಣ್ಣ ಇನ್ವರ್ಟರ್‌ನಲ್ಲಿ ಓಡುವುದಿಲ್ಲ. ಮಳೆಗಾಲದಲ್ಲಿ ತಲೆ ತೊಳೆಯುವ ಕೆಲಸಕ್ಕೆ ಬುಕಿಂಗ್ ಕೊಡುವಾಗ ಇದು ನೆನಪಿರಲಿ.

ದುಡ್ಡು ಸಾಲದಿದ್ದರೆ ಪಿಎಂ ವಿಶ್ವಕರ್ಮ ಯೋಜನೆ ನೋಡಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಇದರ 18 ಕಸುಬುಗಳಲ್ಲಿ ಕ್ಷೌರಿಕರದ್ದೂ ಒಂದು. ತರಬೇತಿ, ಆ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಾಮಾನು ಕೊಳ್ಳಲು 15,000ದ ವೋಚರ್ ಇದೆ. ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇ 5 ಬಡ್ಡಿಗೆ ಸಾಲ, ಅದನ್ನು ತೀರಿಸಿದರೆ 2 ಲಕ್ಷದವರೆಗೆ ಇನ್ನೊಂದು. ಅರ್ಜಿ ಸಾಮಾನ್ಯ ಸೇವಾ ಕೇಂದ್ರದಲ್ಲಿ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ, ಸರ್ಕಾರಿ ನೌಕರರ ಕುಟುಂಬಕ್ಕೆ ಇಲ್ಲ. ಇದು ಆಗದಿದ್ದರೆ ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ ಸಿಗುತ್ತದೆ. ಸಾಲದ ದುಡ್ಡನ್ನು ಸಾಮಾನಿಗೇ ಹಾಕಿ, ಮುಂಗಡಕ್ಕೆ ಕೊಡಬೇಡಿ.

ದಿನವಿಡೀ ನಿಂತು, ಬ್ಲೇಡು ಕತ್ತರಿ ಹಿಡಿದು ಮಾಡುವ ಕೆಲಸ ಇದು. ಕೈಗೆ ಪೆಟ್ಟಾದರೆ ಸಂಪಾದನೆ ನಿಂತಿತು, ಸಂಬಳದವರಿಗೆ ಸಿಗುವ ರಜೆ ನಿಮಗಿಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತ ವಿಮೆಯನ್ನಾದರೂ ಬ್ಯಾಂಕಿನಲ್ಲಿ ಮಾಡಿಸಿ.

8. ಸ್ವಚ್ಛತೆ, ಮುಖ್ಯವಾಗಿ ಮಳೆಗಾಲದಲ್ಲಿ

ಚೇರ್ ಬಾಡಿಗೆ ಹಿಡಿದ ಮೇಲೆ ಗಿರಾಕಿಗೆ ಏನಾದರೂ ಆದರೆ ಕೇಳುವುದು ನಿಮ್ಮನ್ನೇ. ಒಬ್ಬರಿಗೆ ಬಳಸಿದ ಬ್ಲೇಡು ಇನ್ನೊಬ್ಬರಿಗೆ ಯಾವ ಕಾರಣಕ್ಕೂ ಬೇಡ. ರಕ್ತದ ಕಣ್ಣಿಗೆ ಕಾಣದ ಹನಿಯಿಂದಲೂ ಹೆಪಟೈಟಿಸ್ ಬಿ ಅಂಟಬಹುದು. ಹೊಸ ಬ್ಲೇಡನ್ನು ಗಿರಾಕಿಯ ಎದುರೇ ಬಿಚ್ಚಿ. ಹಳೆಯದನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿ. ಕಸದ ಜೊತೆ ಹಾಗೇ ಎಸೆದರೆ ಪೌರಕಾರ್ಮಿಕರ ಕೈ ಕೊಯ್ಯುತ್ತದೆ.

ಕತ್ತರಿ, ಟ್ರಿಮ್ಮರ್ ತಲೆಯನ್ನು ಪ್ರತಿ ಗಿರಾಕಿ ಆದ ಮೇಲೆ ಕೂದಲು ತೆಗೆದು, ತೊಳೆಯಲು ಆಗುವುದನ್ನು ಸೋಪು ನೀರಲ್ಲಿ ತೊಳೆದು, 70 ಶೇಕಡಾ ಸ್ಪಿರಿಟ್‌ನಿಂದ ಒರೆಸಿ. ಬ್ಲೀಚಿಂಗ್ ನೀರು ಪ್ಲಾಸ್ಟಿಕ್ ಬಾಚಣಿಗೆಗೆ ಸರಿ, ಕತ್ತರಿಗೆ ತುಕ್ಕು ಹಿಡಿಸುತ್ತದೆ. ಸಾಮಾನಿನ ರೋಗಾಣು ಕೊಲ್ಲಲು ಇಡುವ ನೀಲಿ ದೀಪದ (ಯುವಿ) ಪೆಟ್ಟಿಗೆಯನ್ನು ನಂಬಿ ಕೂರಬೇಡಿ. ಬೆಳಕು ಬಿದ್ದ ಕಡೆ ಮಾತ್ರ ಅದರ ಕೆಲಸ, ಕೊಳೆ ಇದ್ದರೆ ಅದೂ ಇಲ್ಲ.

ನಮ್ಮ ಕಡೆಯ ದೊಡ್ಡ ಕಷ್ಟ ಟವೆಲ್. ಜೂನ್‌ನಿಂದ ಒಗೆದದ್ದು ಒಣಗುವುದೇ ಇಲ್ಲ. ಅರೆ ಒಣಗಿದ ಟವೆಲಿನಿಂದ ವಾಸನೆ ಬರುತ್ತದೆ, ಹುಳುಕಡ್ಡಿಯಂಥ ಚರ್ಮದ ರೋಗವೂ ಹರಡುತ್ತದೆ. ಮಳೆಗಾಲಕ್ಕೆ ಟವೆಲ್ ಎರಡರಷ್ಟು ಇಟ್ಟುಕೊಳ್ಳಿ. ಬಿಸಿನೀರಲ್ಲಿ ಒಗೆಯಿರಿ. ಒಲೆಯ ಮೇಲಿನ ಅಟ್ಟದ ಬಿಸಿಗೆ ಒಣಗಿಸಿದರೆ ಹೊಗೆ ವಾಸನೆ ಹಿಡಿಯುತ್ತದೆ, ಹಾಗಾಗಿ ಇಸ್ತ್ರಿ ಹಾಕಿ ಒಣಗಿಸುವುದೇ ಮೇಲು. ಒಮ್ಮೆ ಬಳಸಿ ಎಸೆಯುವ ಟವೆಲ್ ಕೂಡ ಸಿಗುತ್ತವೆ. ಅದರ ಖರ್ಚನ್ನು ಜೂನ್‌ನ ಲೆಕ್ಕಕ್ಕೆ ಸೇರಿಸಿ. ಮರದ ಬಾಚಣಿಗೆ ಬೂಷ್ಟು ಹಿಡಿಯುತ್ತದೆ, ಆ ನಾಲ್ಕು ತಿಂಗಳು ಪ್ಲಾಸ್ಟಿಕ್ ಬಳಸಿ. ಕತ್ತರಿಗೆ ದಿನಾ ರಾತ್ರಿ ಒಂದು ಹನಿ ಎಣ್ಣೆ ಹಾಕಿ ಒಣ ಬಟ್ಟೆಯಲ್ಲಿ ಸುತ್ತಿಡಿ.

ಕೂದಲಿಗೆ ಬಣ್ಣ ಹಾಕುವ 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಿ. ಕಪ್ಪು ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಅಲರ್ಜಿ ಮಾಡುತ್ತದೆ, ಮುಖವೇ ಊದಿಕೊಳ್ಳಬಹುದು. ಮದುವೆಯ ಹಿಂದಿನ ದಿನ ಬಂದು ಈಗಲೇ ಹಾಕಿ ಅಂದರೆ ಬೇಡ ಅನ್ನಿ. ಕೂದಲು ನೇರ ಮಾಡುವ ಕೆಲವು ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುತ್ತವೆ. ಅದು ಕ್ಯಾನ್ಸರಿಗೂ ಕಾರಣವಾಗುವಂಥದ್ದು. ಮಳೆಗೆ ಬಾಗಿಲು ಕಿಟಕಿ ಹಾಕಿದ ಅಂಗಡಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಆ ಕೆಲಸ ತಗೋಬೇಡಿ. ಗಿರಾಕಿ ಒಂದು ದಿನ ಉಸಿರಾಡುತ್ತಾರೆ, ನೀವು ಪ್ರತಿ ದಿನ.

9. ಬಿಡುವ ಸಮಯ ಬಂದಾಗ

ಒಂದು ತಿಂಗಳ ನೋಟಿಸನ್ನು ಬರಹದಲ್ಲೇ ಕೊಡಿ, ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿ. ಕೊನೆಯ ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಹಿಡಿದುಕೊಳ್ಳಿ ಅನ್ನುವುದಾದರೆ ಅದಕ್ಕೂ ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ. ಚೇರ್, ಕನ್ನಡಿ, ಬೇಸಿನ್ ಫೋಟೋ ತೆಗೆದಿಡಿ. ಇದೇ ಫೋಟೋ ಸೇರುವ ದಿನವೂ ತೆಗೆದಿದ್ದರೆ ಮುರಿದದ್ದು ಯಾರು ಎಂಬ ಮಾತೇ ಬರುವುದಿಲ್ಲ.

ನಿಮ್ಮ ಗಿರಾಕಿಗಳ ಫೋನ್ ನಂಬರ್ ನೀವು ಬರೆದಿಟ್ಟುಕೊಂಡದ್ದು ನಿಮ್ಮದು. ಅಂಗಡಿಯ ಪುಸ್ತಕದಲ್ಲಿರುವ ಪಟ್ಟಿ ಅಂಗಡಿಯದು, ಅದರ ಫೋಟೋ ಹೊಡೆದುಕೊಳ್ಳುವುದು ಬೇಡ. ಮುಂದೆ ಬುಕ್ ಆಗಿರುವ ಮದುವೆ ಕೆಲಸಗಳಿದ್ದರೆ ಯಾರು ಮಾಡುತ್ತಾರೆ, ತಗೊಂಡ ಅಡ್ವಾನ್ಸ್ ಯಾರ ಹತ್ತಿರ ಇದೆ ಎಂದು ಆ ಮನೆಯವರಿಗೆ ಫೋನ್ ಮಾಡಿ ತಿಳಿಸಿ. ಹೊಸ ಜಾಗಕ್ಕೆ ಹೋದ ವಾರವೇ ಉದ್ಯಮ್ ನೋಂದಣಿಯಲ್ಲಿ ವಿಳಾಸ ಬದಲಿಸಿ, ಹಳೆಯ ಅಂಗಡಿಯ ಗೋಡೆಯಲ್ಲಿ ಅಂಟಿಸಿದ ನಿಮ್ಮ ಕ್ಯೂಆರ್ ಕೋಡನ್ನು ನೀವೇ ಕಿತ್ತು ತನ್ನಿ.